ಅವಳ ಎಡ, ನನ್ನ ಬಲ

10 ಜೂನ್ 2024, ಸೋಮವಾರ

ಆಸ್ಪತ್ರೆಯ ಬೀರುವಿನಲ್ಲಿ ಖಾಲಿ ಕೇಸು ರಿಜಿಸ್ಟರೊಂದು ಬಿದ್ದಿತ್ತು, ಮನೆಗೆ ತಂದೆ. ಶೆಟ್ಟಿಕೆರೆಯ ಪಶು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ದನಕುರಿಗಳ ಕಾಯಿಲೆ ಬರೆದುಕೊಂಡು ಬಂದವನು ನಾನು. ದೊಡ್ಡ ಡಾಕ್ಟರಲ್ಲ, ಪಶುವೈದ್ಯಕೀಯ ಪರೀಕ್ಷಕ ಮಾತ್ರ. ಊರವರು ಡಾಕ್ಟ್ರೇ ಅನ್ನುತ್ತಾರೆ. ಬರೆದರೆ ತಲೆ ಸ್ವಲ್ಪ ಹಗುರಾಗಬಹುದು.

ಹೆಂಡತಿ ಗಿರಿಜಾ ಇವತ್ತು ತೋಟದಲ್ಲಿ ಬಿದ್ದಳು. ಅವಳ ಪುಟ್ಟ ರೈಲಿನ ಪಾಯಿಂಟು ಬದಲಾಯಿಸಲು ಬಗ್ಗಿದವಳು ಏಳಲಾರದೆ ಹಾಗೇ ಮುಂದಕ್ಕೆ ಕುಸಿದಿದ್ದಾಳೆ. ಮೊಣಕೈ ತರಚಿದೆ. ನಮ್ಮ ಜೊತೆಗೇ ಇರುವ ಅತ್ತೆ ಹೊಂಬಾಳಮ್ಮ ಮಗಳ ಕೈಗೆ ಅರಿಶಿನ ಒತ್ತುತ್ತಾ, "ಐವತ್ತು ವರ್ಸದ ಹೆಂಗ್ಸು ರೈಲಾಟ ಆಡ್ತಾಳೆ ಅಂತ ಊರೇ ನಗ್ತದೆ ಕಣಪ್ಪ. ಕಿತ್ತಾಕ್ಸಿ ಅದನ್ನ" ಅಂದರು.

ನನಗೂ ಅದೇ ಅನ್ನಿಸಿ ಮೂರು ವರ್ಷವಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಬಿಡುವಿನಲ್ಲಿ ಏನೋ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ. ತೆಂಗಿನ ಮರಗಳ ನಡುವೆ ಮೊಳಕಾಲೆತ್ತರಕ್ಕೆ ಮಣ್ಣು ಏರಿಸಿ, ಗೇಣಿಗಿಂತ ಕಿರಿದಾದ ಹಳಿ ಹಾಸಿದ್ದಾಳೆ. ಬಾವಿಯ ಹತ್ತಿರ ಒಂದು ಸ್ಟೇಷನ್ನು, ಕೊಟ್ಟಿಗೆಯ ಹಿಂದೆ ಇನ್ನೊಂದು. ಬ್ಯಾಟರಿಯಲ್ಲಿ ಓಡುವ ಎರಡು ಎಂಜಿನ್. ನಾನು ಒಂದು ದಿನವೂ ನಿಂತು ನೋಡಿದವನಲ್ಲ.

ಜನವರಿಯಲ್ಲಿ ಬೆಂಗಳೂರಿನ ಡಾಕ್ಟರು ಹೇಳಿದರು: ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈಕಾಲು ಹೋಗುತ್ತದೆ, ಮಾತು ಹೋಗುತ್ತದೆ, ನುಂಗುವುದು ಹೋಗುತ್ತದೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಕಡೆಯವರೆಗೂ ಚೊಕ್ಕವಾಗಿರುತ್ತದಂತೆ. ಅದನ್ನು ಅವರು ಸಮಾಧಾನದ ಮಾತಿನಂತೆ ಹೇಳಿದರು.

"ಮಡಚಿಡೋಣ ಬಿಡು ಆ ಆಟಿಕೇನ" ಅಂದೆ.

"ಎರಡು ರೈಲು ಇನ್ನೂ ಒಂದ್ಸಲಾನೂ ಸರಿಯಾಗಿ ಕ್ರಾಸಿಂಗ್ ಆಗಿಲ್ಲ ರೀ" ಅಂದಳು.

23 ಜೂನ್, ಭಾನುವಾರ

ಮಡಚಿಡುವ ಮುಂಚೆ ಅದೇನು ನೋಡೋಣ ಎಂದು ಹೋದೆ. ತೋಟ ಸುತ್ತಿ ಬರುವ ಇಡೀ ದಾರಿಗೆ ಒಂದೇ ಹಳಿ. ಎರಡು ರೈಲು ಎದುರುಬದುರು ಓಡುತ್ತವೆ. ಸ್ಟೇಷನ್ನಿನಲ್ಲಿ ಮಾತ್ರ ಜೋಡಿ ಹಳಿ. ಒಂದು ಪಕ್ಕಕ್ಕೆ ಸರಿದು ನಿಂತರೆ ಇನ್ನೊಂದು ದಾಟಿಹೋಗಬೇಕು. ಹಳಿ ಕವಲೊಡೆಯುವ ಜಾಗವೇ ಪಾಯಿಂಟು. ಅಲ್ಲಿ ಎರಡು ಚೂಪಾದ ಹಳಿತುಂಡುಗಳು ಆಚೀಚೆ ಸರಿಯುತ್ತವೆ. ಗಿರಿಜಾ ಅವುಗಳನ್ನು ನಾಲಿಗೆ ಅನ್ನುತ್ತಾಳೆ. ನಾಲಿಗೆ ಯಾವ ಕಡೆಗೆ ಅಂಟಿಕೊಂಡಿದೆಯೋ ರೈಲು ಆ ಕಡೆ. ಇಂಥವು ನಾಲ್ಕಿವೆ. ನಾಲ್ಕಕ್ಕೂ ನೆಲದ ಮಟ್ಟದಲ್ಲಿ ಬೆರಳುದ್ದದ ಹಿಡಿ. ಬಗ್ಗದೆ ಆಗದು.

ಪೈಪು ಕತ್ತರಿಸಿ ನಾಲ್ಕಕ್ಕೂ ಸೊಂಟದೆತ್ತರದ ಕಂಬಿ ಹಾಕಿಕೊಟ್ಟೆ. ಇನ್ನು ಬೀಳುವುದಿಲ್ಲ.

14 ಜುಲೈ, ಭಾನುವಾರ

ಇವತ್ತೆಲ್ಲಾ ಅರ ಹಿಡಿದು ಕೂತಿದ್ದೆ.

ಕೊಟ್ಟಿಗೆ ಸ್ಟೇಷನ್ನಿನ ಎರಡು ಪಾಯಿಂಟುಗಳನ್ನು ಅವಳು ಅಂಗಡಿಯದು ತರಿಸಿದ್ದಳು. ಅವುಗಳ ತಿರುವು ತೀರಾ ಗಿಡ್ಡ. ಉದ್ದನೆಯ ಎಂಜಿನ್ ಅಲ್ಲಿಗೆ ಬಂದರೆ ಹಿಂದಿನ ಚಕ್ರ ಹಾರಿ ಕೆಳಗೆ ಬೀಳುತ್ತದೆ. ಬಾವಿ ಸ್ಟೇಷನ್ನಿನದನ್ನು ಅವಳೇ ಮಾಡಿದ್ದು; ಗೂಟ ನೆಟ್ಟು ಎಂಟಡಿ ಹಗ್ಗ ಕಟ್ಟಿ ನೆಲದ ಮೇಲೆ ಬಾಗು ಎಳೆದು, ಅದರ ಮೇಲೆ ಹಳಿ ಬಗ್ಗಿಸಿದ್ದಾಳೆ. ಅಲ್ಲಿ ಯಾವತ್ತೂ ಬಿದ್ದಿಲ್ಲ.

"ಇನ್ನೊಂದು ಜೊತೆ ಮಾಡ್ಬೇಕಿತ್ತು. ಅರ ಹಿಡಿಯಕ್ಕೆ ಬೆರಳು ಕೇಳಲ್ಲ ಅಂತಿದೆ."

"ಕೊಡು ಇಲ್ಲಿ. ದನದ ಗೊರಸು ಉಜ್ಜಿದ ಕೈ ಇದು."

"ಗೊರಸಲ್ಲ ಇದು. ನಾಲಿಗೆ ತುದಿ ಉಗುರಿನಷ್ಟು ತೆಳ್ಳಗಾಗ್ಬೇಕು, ಚಕ್ರಕ್ಕೆ ಗೊತ್ತೇ ಆಗ್ಬಾರ್ದು."

ಉಜ್ಜಿ ತೋರಿಸಿದೆ. ಬೆರಳಿಂದ ಸವರಿ ನೋಡಿ, "ಇನ್ನೂ" ಅಂದಳು. ಮತ್ತೆ ಉಜ್ಜಿದೆ. "ಇನ್ನೂ." ಹೀಗೆ ಸಂಜೆಯವರೆಗೆ. ಅವಳ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಪಟ್ಟ ಪಾಡು ನನಗೂ ಗೊತ್ತಾಯಿತು. ಕೊನೆಗೊಮ್ಮೆ ಸವರಿದವಳು ಅದನ್ನು ಪಕ್ಕಕ್ಕಿಟ್ಟು "ಎರಡನೇದು" ಅಂದಳು.

4 ಆಗಸ್ಟ್, ಭಾನುವಾರ

ಅವಳಿಗೆ ಕಂಬಿ ಎಳೆಯುವುದೂ ಆಗುತ್ತಿಲ್ಲ. ಬಲಗೈ ಮಣಿಕಟ್ಟು ಜೋತುಬಿದ್ದಿದೆ. ನಾಲ್ಕು ಕಡೆ ನಡೆದಾಡುವುದಂತೂ ಮುಗಿಯಿತು. ಕೂತಲ್ಲಿಂದಲೇ ಆಗಬೇಕು.

ಮೊನ್ನೆ ಕಂದಿಕೆರೆಯಲ್ಲಿ ಕುರಿಗಳಿಗೆ ಲಸಿಕೆ ಹಾಕುವಾಗ ಹೊಳೆಯಿತು. ಎರಡು ದೊಡ್ಡ ಸಿರಿಂಜು, ನಡುವೆ ಡ್ರಿಪ್ಪಿನ ಕೊಳವೆ, ಒಳಗೆ ನೀರು. ಇಲ್ಲಿ ಒತ್ತಿದರೆ ಅಲ್ಲಿಯದು ಮುಂದಕ್ಕೆ ಬರುತ್ತದೆ, ಎಳೆದರೆ ಹಿಂದಕ್ಕೆ. ವಿದ್ಯುತ್ತು ಬೇಡ, ಮಳೆಗೆ ಹೆದರಬೇಕಿಲ್ಲ. ನಾಲ್ಕು ಜೊತೆ ಹಾಕಿ, ಕೊಳವೆಗಳನ್ನು ಮಣ್ಣಿನಡಿ ಹೂತು, ಒತ್ತುವ ನಾಲ್ಕೂ ಸಿರಿಂಜನ್ನು ಒಂದು ಹಲಗೆಗೆ ಕಟ್ಟಿ ಅವಳ ತೊಡೆಯ ಮೇಲಿಟ್ಟೆ.

ಮಧ್ಯಾಹ್ನ ಮೂರೂಕಾಲಿಗೆ ಅವಳು ಅಂಗೈಯಿಂದ ಮೊದಲನೆಯದನ್ನು ಒತ್ತಿದಳು. ಮೂವತ್ತಡಿ ದೂರದಲ್ಲಿ ನಾಲಿಗೆ ಟಕ್ ಎಂದು ಸರಿಯಿತು. ಕೆಂಪು ಎಂಜಿನ್ ಪಕ್ಕದ ಹಳಿಗೆ ಹೋಗಿ ನಿಂತಿತು. ನೀಲಿಯದು ಬಂತು, ನೇರವಾಗಿ ದಾಟಿತು. ಎರಡನೆಯದನ್ನು ಒತ್ತಿದಳು. ಕೆಂಪು ಹೊರಟಿತು. ಕೊಟ್ಟಿಗೆ ಸ್ಟೇಷನ್ನಿನಲ್ಲೂ ಹಾಗೇ ಆಯಿತು.

"ಆಯ್ತು ರೀ!" ಅಂದಳು. ಅಷ್ಟು ಜೋರಾಗಿ ಅವಳು ಮಾತಾಡಿ ಎಷ್ಟು ದಿನವಾಗಿತ್ತೋ.

ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ಸಗಣಿ ಕೈಯಲ್ಲೇ ನಿಂತು ನೋಡಿದರು. "ಸೂಜಿಮದ್ದು ಕೊಟ್ಟೇ ಓಡ್ಸಿದ್ರಲ್ಲಪ್ಪ ರೈಲ್ನ" ಅಂದರು.

ಈ ಕಾಯಿಲೆಯಲ್ಲೂ ಎಲ್ಲೋ ಕೆಲವರಿಗೆ ವರ್ಷಗಟ್ಟಲೆ ಹಾಗೇ ನಿಂತುಬಿಡುವುದುಂಟಂತೆ. ಎಲ್ಲೋ ಓದಿದ್ದೆ.

1 ಸೆಪ್ಟೆಂಬರ್, ಭಾನುವಾರ

ನಿಲ್ಲಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಅವಳ ಮಾತು ತಿಳಿಯುತ್ತಿಲ್ಲ. ಪ್ರಮೇಯ ಹೇಳುವಾಗ ಹಿಂದಿನ ಬೆಂಚಿನವರು ನಕ್ಕರಂತೆ. ರಜೆ ಬರೆದು ಬಂದಳು. ಕುಡಿದವರ ಮಾತಿನ ಹಾಗೆ ಕೇಳುತ್ತದೆ ಎಂದು ಅವಳೇ ಹೇಳಿದಳು, ಆ ಮಾತಿನಲ್ಲೇ.

ಸಿರಿಂಜು ಒತ್ತಲು ಎರಡೂ ಅಂಗೈ ಬೇಕು ಈಗ. ಒಂದು ಒತ್ತಿ ಸುಧಾರಿಸಿಕೊಳ್ಳುವಷ್ಟರಲ್ಲಿ ರೈಲು ತಪ್ಪು ಹಳಿಯಲ್ಲಿರುತ್ತದೆ.

22 ಸೆಪ್ಟೆಂಬರ್, ಭಾನುವಾರ

ಚಿಕ್ಕನಾಯಕನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವ ಮಹಾಂತೇಶನನ್ನು ಕರೆತಂದೆ. ಅವನ ಎಮ್ಮೆಯ ಕರುವನ್ನು ಹಿಂದೊಮ್ಮೆ ಉಳಿಸಿದ್ದೆ, ಅದಕ್ಕೇ ನಾನೆಂದರೆ ಗೌರವ. ಹಳಿಯನ್ನೆಲ್ಲಾ ಸುತ್ತಿ ನೋಡಿ, "ಕಾರಿನ ಬಾಗ್ಲು ಲಾಕ್ ಮಾಡೋ ಮೋಟ್ರು ಹಾಕಣ ಡಾಕ್ಟ್ರೇ. ಸಣ್ಣದು, ಒಂದೇ ಗುದ್ದಿಗೆ ನೂಕ್ತದೆ. ಗುಂಡಿ ಎಲ್ಲಿ ಬೇಕಾದ್ರೂ ಮಡಿಕಳಿ" ಅಂದ.

ಗುಂಡಿಗಳನ್ನು ಮಣೆಗೆ ಕೂರಿಸಿ ಕಾಲಿನಡಿ ಇಟ್ಟಿದ್ದೇವೆ. ಎಡಗಾಲ ಹೆಬ್ಬೆರಳು ಇನ್ನೂ ಚೆನ್ನಾಗಿ ಆಡುತ್ತದೆ.

ಮಹಾಂತೇಶ ಹೋಗುವಾಗ ಗೇಟಿನ ಹತ್ತಿರ, "ಮೇಡಮ್ಮೋರು ಹುಷಾರಾಗ್ತಾರಲ್ವಾ?" ಅಂದ. ಹೂಂ ಅಂದೆ.

20 ಅಕ್ಟೋಬರ್, ಭಾನುವಾರ

ಐದು ದಿನ ಬಿಡದೆ ಮಳೆ. ಎರಡು ಮೋಟಾರಿನೊಳಗೆ ಕೆಂಪಿರುವೆ ಗೂಡು ಕಟ್ಟಿದ್ದವು. ಒಂದು ತುಕ್ಕು ಹಿಡಿದಿದೆ. ನಾಲ್ಕನೆಯದರಲ್ಲಿ ನಾಲಿಗೆ ಪೂರ್ತಿ ಅಂಟುತ್ತಿರಲಿಲ್ಲ; ಸಂದಿನಲ್ಲಿ ತೆಂಗಿನ ಮರದಿಂದ ಉದುರಿದ ಎಳೆ ಹರಳುಗಾಯಿ ಸಿಕ್ಕಿಕೊಂಡಿತ್ತು. ಇದನ್ನೆಲ್ಲಾ ಬಿಚ್ಚಿ ತೊಳೆದು ಒಣಗಿಸಿದೆ. ಹೆಬ್ಬೆರಳು ಆಡುತ್ತಿಲ್ಲ ಎಂದು ಆಮೇಲೆ ಹೇಳಿದಳು. ಮೂರು ದಿನವಾಗಿತ್ತಂತೆ. ನಾನು ಬಿಚ್ಚುವುದನ್ನು ನೋಡುತ್ತಾ ಕೂತಿದ್ದಳು.

ಊಟ ಮಾಡಿಸುವಾಗ (ಅನ್ನವನ್ನು ಗಂಜಿಯ ಹಾಗೆ ಕಿವುಚಿ, ಗಲ್ಲ ಹಿಡಿದು ಸ್ವಲ್ಪ ಮುಂದಕ್ಕೆ ಬಗ್ಗಿಸಿದರೆ ಇಳಿಯುತ್ತದೆ) ತಡೆದು ತಡೆದು ಕೇಳಿದಳು:

"ಎದ್ದೇಳ್ದಿರೋ ಹಸು ನೋಡಕ್ಕೆ ಕರೆದ್ರೆ... ಏನು ಹೇಳ್ತೀರಿ... ಅವರಿಗೆ?"

"ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ ಅಂತೀನಿ. ಅಡಿಗೆ ಹುಲ್ಲು ಹಾಕಿ ಅಂತೀನಿ."

"ಆಮೇಲೆ?"

"ಆಮೇಲೆ ಏನಿಲ್ಲ. ಬೈಕ್ ಹತ್ತಿ ಬತ್ತೀನಿ."

ನಗಲು ಹೋಗಿ ಕೆಮ್ಮು ಬಂತು. ಬೆನ್ನು ನೀವಿದೆ. ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

10 ನವೆಂಬರ್, ಭಾನುವಾರ

ಕೊನೆಗೂ ದಾರಿ ಸಿಕ್ಕಿತು. ಸ್ಪ್ರಿಂಗು.

ಮೋಟಾರು, ಸಿರಿಂಜು ಯಾವುದೂ ಬೇಡ. ಸ್ಪ್ರಿಂಗು ನಾಲಿಗೆಯನ್ನು ಸದಾ ಒಂದೇ ಕಡೆ ಒತ್ತಿ ಹಿಡಿದಿರುತ್ತದೆ. ಒಳಬರುವ ರೈಲು ತನ್ನ ಎಡದ ಹಳಿಗೇ ಹೋಗುತ್ತದೆ. ಹೊರಹೋಗುವ ರೈಲಿನ ಚಕ್ರವೇ ನಾಲಿಗೆಯನ್ನು ಸರಿಸಿಕೊಂಡು ಹೋಗುತ್ತದೆ, ಹಿಂದೆಯೇ ಅದು ತಾನಾಗಿ ಸ್ವಸ್ಥಾನಕ್ಕೆ ಬರುತ್ತದೆ. ಯಾವ ಗಡಸಿನ ಸ್ಪ್ರಿಂಗು ಎಂದು ತಿಳಿಯಲು ಒಂದು ವಾರ ಹಿಡಿಯಿತು. ಗಟ್ಟಿಯಾದರೆ ಹಗುರ ಡಬ್ಬಿಗಳು ಹಳಿ ತಪ್ಪುತ್ತವೆ, ಮೆದುವಾದರೆ ನಾಲಿಗೆ ಅಂಟುವುದಿಲ್ಲ. ಕೊನೆಗೆ ಬರೆಯುವ ಪೆನ್ನಿನೊಳಗಿನದು ಸರಿಹೋಯಿತು. ಸ್ಟೇಷನ್ನಿನಲ್ಲಿ ಒಂದು ನಿಂತು ಇನ್ನೊಂದು ಬರುವವರೆಗೆ ಕಾಯುವಂತೆ ಮಹಾಂತೇಶ ಹಳಿಗೆ ಅಯಸ್ಕಾಂತ ಇಟ್ಟು ಏನೋ ಏರ್ಪಾಡು ಮಾಡಿದ.

ಒಂದೂವರೆ ಗಂಟೆ ಓಡಿದವು. ಯಾರೂ ಏನೂ ಮುಟ್ಟಲಿಲ್ಲ. ಒಂದು ತಪ್ಪಿಲ್ಲ. ಬೇಲಿಯಾಚೆ ಜನ ನಿಂತು ನೋಡಿದರು. ತೆಂಗಿನಕಾಯಿ ಕೀಳಲು ಬಂದಿದ್ದ ಈರಣ್ಣ ಮರದ ಮೇಲಿಂದಲೇ, "ದೇವ್ರು ನಡ್ಸ್ದಂಗೆ ನಡೀತದೆ ಬುದ್ದಿ!" ಎಂದು ಕೂಗಿದ.

ಗಿರಿಜಾ ಎರಡು ಸುತ್ತು ನೋಡಿದಳು. ಆಮೇಲೆ ಬೇಲಿಯ ಕಡೆ ನೋಡುತ್ತಿದ್ದಳು. ಆಯಾಸವಾಗಿರಬೇಕು.

11 ನವೆಂಬರ್, ಸೋಮವಾರ

ಆಯಾಸವಲ್ಲ.

ಬೆಳಿಗ್ಗೆ ಒಂದೇ ಪದ ಹೇಳಿದಳು. ನಾಲ್ಕು ಸಲ ಹೇಳಿದ ಮೇಲೆ ತಿಳಿಯಿತು. "ಕೀಳಿ."

ಯಾಕೆ ಎಂದು ಕೇಳಿದೆ. ಅಕ್ಷರದ ಹಲಗೆ ಮುಂದಿಟ್ಟುಕೊಂಡು ಬೆರಳು ಓಡಿಸುತ್ತಾ ಹೋದೆ. ಬೇಕಾದ ಅಕ್ಷರ ಬಂದಾಗ ಅವಳು ರೆಪ್ಪೆ ಮುಚ್ಚುವುದು. ಮುಕ್ಕಾಲು ಗಂಟೆ ಹಿಡಿಯಿತು.

"ನಾನು ಇಲ್ಲದೆ ಓಡೋದು ಆಮೇಲೆ ಇದ್ದೇ ಇದೆ."

ನಾಲ್ಕೂ ಸ್ಪ್ರಿಂಗು ಕಿತ್ತು ಬಾವಿಗೆ ಎಸೆದೆ. ಆಸ್ಪತ್ರೆಗೆ ಹೋಗಲಿಲ್ಲ.

8 ಡಿಸೆಂಬರ್, ಭಾನುವಾರ

ಹೊಸ ವ್ಯವಸ್ಥೆ. ಮೊದಲಿದ್ದ ಬೆರಳುದ್ದದ ಹಿಡಿಗಳನ್ನೇ ಮತ್ತೆ ಹಾಕಿದ್ದೇನೆ. ಗಾಲಿಕುರ್ಚಿ ಬಾವಿ ಸ್ಟೇಷನ್ನಿನ ಮುಂದೆ. ನಾನು ಪಾಯಿಂಟಿನ ಹತ್ತಿರ ನೆಲದ ಮೇಲೆ, ಅವಳಿಗೆ ಎದುರಾಗಿ. ಅವಳು ಕಣ್ಣು ಬಲಕ್ಕೆ ಹೊರಳಿಸಿದರೆ ನೇರ ಹಳಿ, ಎಡಕ್ಕಾದರೆ ಪಕ್ಕದ ಹಳಿ. ಮನೆಯೊಳಗೂ ಅದೇ ಲೆಕ್ಕ: ಬಲಕ್ಕೆ ಹೂಂ, ಎಡಕ್ಕೆ ಬೇಡ. ಅತ್ತೆಯೂ ಕಲಿತಿದ್ದಾರೆ. ಕತ್ತಿನ ಕೆಳಗೆ ಇನ್ನೇನೂ ಆಡುವುದಿಲ್ಲ.

ಮೊದಲ ಸಲವೇ ಎಡವಟ್ಟಾಯಿತು. ಎದುರು ಕೂತವನಿಗೆ ಅವಳ ಎಡ ನನ್ನ ಬಲ. ಅವಳು ಎಡಕ್ಕೆ ನೋಡಿದಳು, ನಾನು ಅದನ್ನು ಬಲವೆಂದು ಲೆಕ್ಕ ಹಾಕಿ ನೇರಕ್ಕೆ ಬಿಟ್ಟೆ. ಕೆಂಪು ನೀಲಿ ಎರಡೂ ಮುಖಾಮುಖಿ ಡಿಕ್ಕಿ ಹೊಡೆದು ನಾಲ್ಕು ಡಬ್ಬಿ ಪಾತಿಯೊಳಗೆ ಉರುಳಿದವು.

ಗಿರಿಜಾಳ ಗಂಟಲಿನಿಂದ ಒಂದು ಶಬ್ದ ಬಂತು. ಉಸಿರು ಸಿಕ್ಕಿಕೊಂಡಿತೆಂದು ಓಡಿದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು. ಅತ್ತೆಯೂ ಸೆರಗು ಬಾಯಿಗೆ ಇಟ್ಟುಕೊಂಡು, "ಎಡ ಬಲ ಗೊತ್ತಿಲ್ದೋರು ಅದೆಂಗೆ ಇಂಜೆಕ್ಸನ್ ಕೊಡ್ತೀರಪ್ಪ ದನಕ್ಕೆ" ಅಂದರು.

ಆಮೇಲೆ ಐದು ಸಲ ತಪ್ಪಿಲ್ಲದೆ ಆಯಿತು. ಅವಳ ಕಣ್ಣು ನನಗೆ ಇಷ್ಟು ಗೊತ್ತಿರಲಿಲ್ಲ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಇಷ್ಟು ಹೊತ್ತು ನೋಡಿರಲಿಲ್ಲವೇನೋ. ಸಂಜೆ ಅವಳ ತಲೆ ಬಾಚಿದೆ. ಬೈತಲೆ ಸೊಟ್ಟಗಾಯಿತು.

5 ಜನವರಿ 2025, ಭಾನುವಾರ

ತುಮಕೂರಿನ ಡಾಕ್ಟರು ಮೊನ್ನೆ ಹೇಳಿದ್ದು: ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತಿದೆ. ಹೊಟ್ಟೆಗೆ ರಂಧ್ರ ಮಾಡಿ ನಳಿಕೆ ಹಾಕಬೇಕು. ಜೊತೆಗೆ ಉಸಿರಿಗೆ ಯಂತ್ರ. ಹಾಕಿದರೆ ಒಂದು ವರ್ಷ, ಎರಡು ವರ್ಷ. ಹಾಕದಿದ್ದರೆ ಕೆಲವು ವಾರ. "ಅವರಿಗೆ ಬುದ್ಧಿ ಸ್ಪಷ್ಟವಾಗಿದೆ. ಅವರನ್ನೇ ಕೇಳಿ."

ಎರಡು ದಿನ ಕೇಳಲಿಲ್ಲ. ಇವತ್ತು ರೈಲು ಬಿಡುವ ನೆವದಲ್ಲಿ ತೋಟಕ್ಕೆ ಕರೆತಂದು, ಎದುರು ಕೂತು, ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ ಹಾಗೇ ಹೇಳಿದೆ. ನಳಿಕೆ ಹಾಕಿಸೋಣವಾ ಎಂದು ಕೇಳಿದೆ.

ಎಡಕ್ಕೆ ನೋಡಿದಳು.

ಒಳಗೆ ಬಂದಾಗ ಅತ್ತೆ ಒಲೆ ಮುಂದೆ ಕಾಯುತ್ತಿದ್ದರು.

"ಏನಂದ್ಲಪ್ಪ?"

"ಬೇಡ ಅಂದ್ಲು."

"ಎದುರುಗಡೆ ಕೂತಿದ್ರಾ?"

"ಹೂಂ."

"ಅವತ್ತು ರೈಲು ಗುದ್ಸಿದ್ರಲ್ಲ ನೀವು. ಎಡ ಯಾವ್ದು ಬಲ ಯಾವ್ದು ಅಂತ ಸರ್ಯಾಗಿ ನೋಡಿದ್ರಾ?"

ನನ್ನ ಎರಡೂ ಕೈ ನೋಡಿಕೊಂಡೆ.

"ಇನ್ನೊಂದ್ಸಲ ಕೇಳಿ ನನ್ನಪ್ಪ. ನಿಮ್ಗೆ ತಪ್ಪಿರ್ತದೆ. ಪಕ್ದಲ್ಲಿ ಕೂತ್ಕಂಡು ಕೇಳಿ."

ಹೌದು, ತಪ್ಪಿರಬಹುದು. ಮೊದಲೂ ತಪ್ಪಿತ್ತಲ್ಲ.

6 ಜನವರಿ, ಸೋಮವಾರ

ಅವಳ ಪಕ್ಕಕ್ಕೆ ಕುರ್ಚಿ ಹಾಕಿಕೊಂಡು, ಅವಳು ನೋಡುವ ಕಡೆಗೇ ಮುಖ ಮಾಡಿ ಕೂತೆ. ಈಗ ಅವಳ ಎಡವೇ ನನ್ನ ಎಡ. ಎಡಗಡೆ ಬಾವಿ, ಬಲಗಡೆ ಕೊಟ್ಟಿಗೆ. ಅವಳ ಮುಂದೆ ಅತ್ತೆಯ ಕೈಗನ್ನಡಿ ಹಿಡಿದೆ, ಕಣ್ಣು ಕಾಣಲೆಂದು. ಮತ್ತೆ ಕೇಳಿದೆ. ಡಾಕ್ಟರ ಮಾತಿನಲ್ಲಿ ಅಲ್ಲ, ನನ್ನ ಮಾತಿನಲ್ಲಿ ಕೇಳಿದೆ. ಇರು ಅಂದೆ. ಒಂದು ವರ್ಷವಾದರೂ ಇರು.

ಬಾವಿಯ ಕಡೆ ನೋಡಿದಳು. ನಾನು ಕನ್ನಡಿ ಇಳಿಸುವವರೆಗೂ ಅಲ್ಲೇ ನೋಡುತ್ತಿದ್ದಳು.

19 ಜನವರಿ, ಭಾನುವಾರ

ಮೂರು ಕ್ರಾಸಿಂಗ್. ಎಲ್ಲವೂ ಸರಿ. ನಾಲ್ಕು ಚಮಚ ನೀರು.

27 ಜನವರಿ, ಸೋಮವಾರ

ಒಂದು ಕ್ರಾಸಿಂಗ್. ಕೆಂಪನ್ನು ಪಕ್ಕದ ಹಳಿಯಲ್ಲಿ ಬಹಳ ಹೊತ್ತು ನಿಲ್ಲಿಸಿದ್ದಳು. ನೀಲಿ ಎರಡು ಸುತ್ತು ಬಂದರೂ ಬಿಡಲಿಲ್ಲ. ಕಾದೆ. ಮೂರನೇ ಸುತ್ತಿಗೆ ಹೂಂ ಎಂಬಂತೆ ಬಲಕ್ಕೆ ನೋಡಿದಳು, ಬಿಟ್ಟೆ.

2 ಫೆಬ್ರವರಿ, ಭಾನುವಾರ

ಹೊರಗೆ ಬರಲಾಗಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತಿದ್ದೇವೆ.

9 ಫೆಬ್ರವರಿ, ಭಾನುವಾರ

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗಿರಿಜಾ ಹೋದಳು. ಅತ್ತೆ ಮತ್ತು ನಾನು ಇಬ್ಬರೂ ಹತ್ತಿರವೇ ಇದ್ದೆವು.

ನಮ್ಮಲ್ಲಿ ಹೂಳುವುದು, ಸ್ವಂತ ತೋಟದಲ್ಲೇ. ಎಲ್ಲರೂ ಸೇರಿ ಬಾವಿಗೂ ಕೊಟ್ಟಿಗೆಗೂ ನಡುವೆ ಜಾಗ ಗುರುತಿಸಿದರು. ಗುದ್ದಲಿ ಹಿಡಿದು ಬಂದ ಈರಣ್ಣ ಹಳಿಯ ಮುಂದೆ ನಿಂತುಬಿಟ್ಟ. "ಬುದ್ದಿ, ಇದ್ನ ತೆಗೀಬೇಕಲ್ಲ. ನಾನು ಮುಟ್ನಾ?"

"ಬೇಡ, ಇರು" ಅಂದೆ. ಸ್ಕ್ರೂಡ್ರೈವರು ತಂದು ನಾನೇ ಬಿಚ್ಚಿದೆ. ಆರಡಿ ಹಳಿ. ಜನ ನೋಡುತ್ತಾ ನಿಂತಿದ್ದರು. ಒಂದು ಸ್ಕ್ರೂ ತುಕ್ಕು ಹಿಡಿದು ಬರಲಿಲ್ಲ, ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಕಾಯಬೇಕಾಯಿತು. ಅವಳನ್ನೂ ಕಾಯಿಸಿದಂತಾಯಿತು.

16 ಮಾರ್ಚ್, ಭಾನುವಾರ

ಕೆಲಸಕ್ಕೆ ಹೋಗುತ್ತಿದ್ದೇನೆ. ಬರೆಯುವಂಥದ್ದು ಏನೂ ಇಲ್ಲ.

ಅತ್ತೆ ಸಮಾಧಿಗೆ ನೀರು ಚಿಮುಕಿಸಿ ಬಂದು, "ಆ ಹಳೀನ ಸುತ್ತಾಕಿ ಜೋಡ್ಸಿ ಕಣಪ್ಪ. ಅಂಗೇ ಬುಡಬ್ಯಾಡಿ" ಅಂದರು. ನೋಡೋಣ ಅಂದೆ. ಸುತ್ತು ಹಾಕುವುದಾದರೆ ಬಾಗು ಬೇಕು, ಬಾಗಿಗೆ ಹಗ್ಗದ ಅಳತೆ ಬೇಕು. ಆ ಲೆಕ್ಕ ಅವಳಿಗೆ ಗೊತ್ತಿತ್ತು.

ಸಂಜೆ ಕೆಂಪು ಎಂಜಿನ್ನಿಗೆ ಬ್ಯಾಟರಿ ಹಾಕಿ ಕೊಟ್ಟಿಗೆ ಸ್ಟೇಷನ್ನಿನಲ್ಲಿ ಹಳಿಯ ಮೇಲಿಟ್ಟೆ. ಪಾಯಿಂಟಿನ ಹತ್ತಿರ ಕೂತು ಹಿಡಿ ಹಿಡಿದುಕೊಂಡೆ. ಯಾವ ಕಡೆ ಎಂದು ತಿಳಿಯಲಿಲ್ಲ. ಹೇಗಿತ್ತೋ ಹಾಗೇ ಬಿಟ್ಟೆ. ಅದು ಪಕ್ಕದ ಹಳಿಯಲ್ಲೇ ಹಾದು ಹೊರಬಂದು, ಎರಡು ಮರ ದಾಟಿ, ಹಳಿ ಮುಗಿಯುವ ಕಡೆಗೆ ಹೋಯಿತು. ಓಡಿಹೋಗಿ ತುದಿಯಲ್ಲಿ ಎತ್ತಿಕೊಂಡೆ. ಚಕ್ರಗಳು ಕೈಯಲ್ಲಿ ಇನ್ನೂ ತಿರುಗುತ್ತಿದ್ದವು. ಗುಂಡಿ ಒತ್ತಿ ನಿಲ್ಲಿಸಿದೆ.

ಎಂಜಿನ್ನಿನ ಮೈ ಬೆಚ್ಚಗಿತ್ತು. ತಣ್ಣಗಾಗುವ ತನಕ ಹಿಡಿದುಕೊಂಡು ಅಲ್ಲೇ ಕೂತಿದ್ದೆ.